ಪ್ರೊ ಬಾಕ್ಸರ್ ಆಗಬೇಕಾ? ಮೊದಲು ಹೊಟ್ಟೆಗೆ ಹೊಡೆಯೋದು ಕಲಿಯಿರಿ

ನಮ್ಮ ಜಿಮ್ ಹುಡುಗರಿಗೆ ರಾಜ್ಯ ಮಟ್ಟದಲ್ಲಿ ಒಂದು ಮೆಡಲ್ ಬಂದರೆ ಸಾಕು, "ಸರ್, ಪ್ರೊ ಆಗ್ಲಾ?" ಅಂತ ಶುರು ಮಾಡುತ್ತಾರೆ. ಪ್ರೊ ಅಂದರೆ ದುಡ್ಡಿಗೆ ಆಡುವ ವೃತ್ತಿಪರ ಬಾಕ್ಸಿಂಗ್. ಆಗ್ರಪ್ಪ, ಯಾರು ಬೇಡ ಅಂದರು? ಆದರೆ ವಿಜೇಂದರ್ ಸಿಂಗ್ ಹೇಗೆ ಹೋದರು ಅನ್ನೋದನ್ನ ಒಮ್ಮೆ ನೋಡಿ. ಭಿವಾನಿ ಕಡೆಯ ಬಸ್ ಡ್ರೈವರ್ ಮಗ. 2008ರ ಬೀಜಿಂಗ್‌ನಲ್ಲಿ ಕಂಚು, ಬಾಕ್ಸಿಂಗ್‌ನಲ್ಲಿ ಭಾರತದ ಮೊದಲ ಒಲಿಂಪಿಕ್ ಪದಕ. ಪ್ರೊ ಆಗಿದ್ದು ಮೂರು ಒಲಿಂಪಿಕ್ಸ್ ಆಡಿದ ಮೇಲೆ, 2015ರಲ್ಲಿ. ನೀವೂ ಅಷ್ಟು ಕಾಯಬೇಕು ಅಂತಲ್ಲ. ಅಷ್ಟು ಅನುಭವ ಇದ್ದವರೂ ಮ್ಯಾಂಚೆಸ್ಟರ್‌ಗೆ ಹೋಗಿ ಹೊಸದಾಗಿ ತರಬೇತಿ ತಗೊಂಡರು, ಅದನ್ನ ಗಮನಿಸಿ.

ಮೊದಲು ವೇಗ ಇಳಿಸಿ. ಅಮೆಚೂರ್‌ನಲ್ಲಿ, ಅಂದರೆ ಈಗ ನೀವು ಮೆಡಲ್‌ಗೆ ಆಡೋ ಬಾಕ್ಸಿಂಗ್‌ನಲ್ಲಿ, ಮೂರು ನಿಮಿಷದ ಮೂರು ರೌಂಡ್, ಬೆಲ್ ಹೊಡೆದ ತಕ್ಷಣ ನುಗ್ಗಬೇಕು. ಪ್ರೊದಲ್ಲಿ ನಾಲ್ಕು ರೌಂಡಿನಿಂದ ಶುರುವಾಗಿ ಹತ್ತು, ಹನ್ನೆರಡಕ್ಕೆ ಹೋಗುತ್ತದೆ. ವಿಜೇಂದರ್ ಪ್ರೊ ಆಗಿ ಮೊದಲ ಆರೂ ಬೌಟ್ (ಪಂದ್ಯ) ನಾಕೌಟ್‌ನಲ್ಲೇ ಗೆದ್ದರು. ಆದರೆ 2016ರ ಜುಲೈನಲ್ಲಿ ದೆಹಲಿಯಲ್ಲಿ ಎದುರಾಳಿ ಕೆರಿ ಹೋಪ್ ಬೀಳಲಿಲ್ಲ, ಹತ್ತೂ ರೌಂಡ್ ಆಡಿಸಿದರು. ವಿಜೇಂದರ್‌ಗೆ ಡಬ್ಲ್ಯುಬಿಒ (ವಿಶ್ವ ಬಾಕ್ಸಿಂಗ್ ಸಂಸ್ಥೆ) ಏಷ್ಯಾ ಪೆಸಿಫಿಕ್ ಬೆಲ್ಟ್ ಬಂದಿದ್ದು ಅಂಕಗಳ ಮೇಲೆ. ಹಾಗಾಗಿ ಬ್ಯಾಗ್ ಮೇಲೆ ಆರು ರೌಂಡ್ ಹಾಕಿ, ನಡುವೆ ಒಂದು ನಿಮಿಷ ರೆಸ್ಟ್. ಐದನೇ ರೌಂಡಲ್ಲಿ ಗಾರ್ಡ್, ಅಂದರೆ ಮುಖ ಕಾಯೋ ಕೈಗಳು, ಕೆಳಗೆ ಬಂತಾ? ಹಾಗಾದ್ರೆ ನೀವು ಪ್ರೊ ಆಗೋಕೆ ಇನ್ನೂ ಟೈಮ್ ಬೇಕು.

ಆಮೇಲೆ ಬಾಡಿ ಪಂಚ್. ನಮ್ಮ ಹುಡುಗರು ಮುಖ ಬಿಟ್ಟು ಬೇರೇನೂ ನೋಡುವುದೇ ಇಲ್ಲ. ಎಡಗಾಲನ್ನ ಸ್ವಲ್ಪ ಹೊರಗಿಡಿ. ಸೊಂಟ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ಮೊಣಕೈ ಪಕ್ಕೆಗೆ ಅಂಟಿರಲಿ, ಬಲಗೈ ಗಲ್ಲದ ಹತ್ತಿರವೇ ಇರಲಿ. ಈಗ ಸೊಂಟ ತಿರುಗಿಸಿ, ಎದುರಾಳಿಯ ಬಲಗಡೆ ಪಕ್ಕೆಲುಬಿನ ಕೆಳಗೆ ಎಡ ಹುಕ್ (ಕೈ ಬಾಗಿಸಿ ಪಕ್ಕದಿಂದ ಬರೋ ಹೊಡೆತ) ಹಾಕಿ. ಅಲ್ಲೇ ಲಿವರ್ ಇರೋದು. ಸರಿಯಾಗಿ ಬಿದ್ದರೆ ಒಂದು ಕ್ಷಣ ಏನೂ ಆಗದವನಂತೆ ನಿಂತಿರುತ್ತಾನೆ, ಆಮೇಲೆ ಮಂಡಿಯೂರುತ್ತಾನೆ. ಸ್ಪಾರಿಂಗ್‌ನಲ್ಲಿ (ಜೊತೆಗಾರನ ಜೊತೆ ಅಭ್ಯಾಸದಲ್ಲಿ) ಮಾತ್ರ ಮೆಲ್ಲಗೆ, ದಯವಿಟ್ಟು.

ಪ್ರೊಗೆ ಇಳಿಯೋ ಮೊದಲು ಕಣ್ಣು, ತಲೆಯ ಸ್ಕ್ಯಾನ್, ರಕ್ತ ಪರೀಕ್ಷೆ ಎಲ್ಲ ಮಾಡಿಸಿ, ಅದರಲ್ಲಿ ಚೌಕಾಸಿ ಬೇಡ. ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿದ್ದರೆ ಇಲಾಖೆಯ ಅನುಮತಿ ಬರಹದಲ್ಲಿ ತಗೊಳ್ಳಿ.

ಇನ್ನು ಬೌಟ್ ಏರ್ಪಡಿಸೋ ಪ್ರಮೋಟರ್ ಜೊತೆಗಿನ ಕಾಂಟ್ರಾಕ್ಟ್. ಹುಡುಗರು ದುಡ್ಡಿನ ಸಾಲು ಮಾತ್ರ ಓದುತ್ತಾರೆ. ನಾನು ಮೊದಲು ನೋಡುವುದು ವರ್ಷಕ್ಕೆ ಎಷ್ಟು ಬೌಟ್ ಕೊಡುತ್ತಾರೆ ಅಂತ. ವಿಜೇಂದರ್ 2019ರ ನವೆಂಬರ್‌ನಲ್ಲಿ ದುಬೈಯಲ್ಲಿ ಗೆದ್ದರು, ಮತ್ತೆ ರಿಂಗ್‌ಗೆ ಇಳಿದಿದ್ದು 2021ರ ಮಾರ್ಚ್‌ನಲ್ಲಿ, ಗೋವಾದಲ್ಲಿ. ನಡುವೆ ಕೊರೊನಾ. ಅಲ್ಲಿ ರಷ್ಯಾದ ಬಾಕ್ಸರ್ ಆರ್ತಿಶ್ ಲೋಪ್ಸನ್ ವಿಜೇಂದರ್‌ರನ್ನ ಐದನೇ ರೌಂಡಲ್ಲೇ ಮುಗಿಸಿಬಿಟ್ಟರು. ಪ್ರೊ ಆಗಿ ವಿಜೇಂದರ್‌ಗೆ ಅದೇ ಮೊದಲ ಸೋಲು. ಗ್ಯಾಪ್ ಒಂದೇ ಕಾರಣ ಅನ್ನಲ್ಲ, ಆದರೆ ಅಷ್ಟು ದಿನ ಬೌಟ್ ಇಲ್ಲದಿದ್ದರೆ ಯಾರ ಟೈಮಿಂಗ್ ಆದರೂ ಹೋಗುತ್ತದೆ ಅಲ್ವಾ? ಅದಕ್ಕೇ ಬೌಟ್‌ಗಳ ಲೆಕ್ಕ, ಆಸ್ಪತ್ರೆ ಖರ್ಚು ಯಾರದ್ದು, ಎಷ್ಟು ವರ್ಷದ ಒಪ್ಪಂದ, ಈ ಮೂರನ್ನೂ ಬರೆಸಿಕೊಂಡು, ವಕೀಲರಿಗೆ ತೋರಿಸಿ, ಆಮೇಲೆ ಸಹಿ ಹಾಕಿ.