ಬಾಡಿಗೆ ಸರ್ವರ್‌ನಲ್ಲಿ ಡಾಕರ್ ಕೂರಿಸುವುದು

ಪ್ರೋಗ್ರಾಂ ಒಂದನ್ನು ಅದಕ್ಕೆ ಬೇಕಾದದ್ದೆಲ್ಲದರ ಜೊತೆ ಗಂಟುಕಟ್ಟಿ (ಇಮೇಜ್), ಪ್ರತ್ಯೇಕ ಡಬ್ಬಿಯಲ್ಲಿ (ಕಂಟೇನರ್) ಓಡಿಸುವ ಸಾಧನ ಡಾಕರ್. ಅದನ್ನು ಹಾಕುವ ಕೆಲಸ ಲೋಟದ ಕಾಫಿ ಆರುವುದರೊಳಗೆ ಮುಗಿಯುತ್ತದೆ. ಕೈ ಕೊಡುವುದು ಅದರ ಹಿಂದುಮುಂದಿನ ಸಂಗತಿಗಳು: ಸಾಲದ ಮೆಮೊರಿ, ತುಂಬಿಹೋಗುವ ಡಿಸ್ಕ್, ಮುಚ್ಚಿದೆ ಅಂದುಕೊಂಡ ಪೋರ್ಟ್ (ನೆಟ್‌ವರ್ಕ್‌ನ ಬಾಗಿಲು). ಮಂಡ್ಯದ ಬೆಲ್ಲದ ಮಂಡಿಯೊಂದರ ಲೆಕ್ಕದ ಆಪ್ ಅನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಒಂದು ವೆಬ್ ಪ್ರೋಗ್ರಾಂ, ಅದರ ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಅಷ್ಟೇ. ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಮೆಷಿನ್ ಆರಿಸುವಾಗ ಉಬುಂಟು 24.04, 2 ಜಿಬಿ ರ‍್ಯಾಮ್, 20 ಜಿಬಿಗೆ ಕಡಿಮೆಯಿಲ್ಲದ ಡಿಸ್ಕ್ ಇರಲಿ. ಅಮೆಜಾನ್‌ನಲ್ಲಿ ನೋಡದೆ ಮುಂದೆ ಮುಂದೆ ಒತ್ತುತ್ತಾ ಹೋದರೆ 8 ಜಿಬಿ ಡಿಸ್ಕ್ ಸಿಗುತ್ತದೆ. ನಾಲ್ಕು ಇಮೇಜ್ ಇಳಿಸುವಷ್ಟರಲ್ಲಿ ಅದು ಭರ್ತಿ. ರೀಜನ್ ಮುಂಬೈ ಅಥವಾ ಹೈದರಾಬಾದ್ ಸಾಕು. ಅಗ್ಗ ಎಂದು ಆರ್ಮ್ (ಇಂಟೆಲ್‌ಗಿಂತ ಬೇರೆ ಬಗೆಯ ಪ್ರೊಸೆಸರ್‌ನ) ಮೆಷಿನ್ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಕಟ್ಟಿದ ಇಮೇಜ್ ಅಲ್ಲಿ ಓಡದೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎನ್ನುತ್ತದೆ.

ಕ್ಲೌಡ್‌ನ ಫೈರ್‌ವಾಲ್‌ನಲ್ಲಿ ವೆಬ್‌ನ ಪೋರ್ಟ್‌ಗಳಾದ 80 ಮತ್ತು 443 ಎಲ್ಲರಿಗೂ, ಲಾಗಿನ್‌ನ (ಎಸ್‌ಎಸ್‌ಎಚ್) ಪೋರ್ಟ್ 22 ನಿಮ್ಮ ಐಪಿಗೆ ಮಾತ್ರ. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಕರೆಂಟ್ ಹೋಗಿ ಬಂದು ರೂಟರ್ ಮತ್ತೆ ಶುರುವಾದರೆ ಐಪಿ ಬದಲಾಗಿರಬಹುದು. ‘ಕನೆಕ್ಷನ್ ಟೈಮ್ಡ್ ಔಟ್’ ಬಂದರೆ ಮೊದಲು ಇದನ್ನೇ ನೋಡಿ. ‘ಪರ್ಮಿಷನ್ ಡಿನೈಡ್’ ಬಂದರೆ ಮಾತೇ ಬೇರೆ: ಕೀ ತಪ್ಪಿದೆ, ಇಲ್ಲವೇ ಬಳಕೆದಾರನ ಹೆಸರು ತಪ್ಪಿದೆ.

ಒಳಗೆ ಹೋದ ತಕ್ಷಣ ಟಿಮಕ್ಸ್ ಶುರುಮಾಡಿ. ಆಪ್ಟ್ (ಪ್ಯಾಕೇಜ್ ಹಾಕುವ ಆಜ್ಞೆ) ಅರ್ಧಕ್ಕೆ ಬಂದಾಗ ನಿಮ್ಮ ಕಡೆ ವೈಫೈ ಸತ್ತರೂ ಅತ್ತ ಕೆಲಸ ನಿಲ್ಲುವುದಿಲ್ಲ. ಮತ್ತೆ ಲಾಗಿನ್ ಆಗಿ ‘ಟಿಮಕ್ಸ್ ಅಟ್ಯಾಚ್’ ಅಂದರಾಯಿತು. ಟಿಮಕ್ಸ್ ಇಲ್ಲದೆ ಮಧ್ಯೆ ಕಡಿದುಹೋಗಿದ್ದರೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಓಡಿಸಬೇಕಾಗುತ್ತದೆ (‘ಸುಡೊ’ ಎಂದರೆ ಪೂರ್ಣ ಅಧಿಕಾರದ ‘ರೂಟ್’ ಬಳಕೆದಾರನಾಗಿ ಓಡಿಸುವುದು). ಹೊಸ ಮೆಷಿನ್‌ನ ಮೊದಲ ಕೆಲವು ನಿಮಿಷ ‘ಕುಡ್ ನಾಟ್ ಗೆಟ್ ಲಾಕ್’ ಕಂಡರೆ ಗಾಬರಿ ಬೇಡ. ಉಬುಂಟು ತನ್ನ ಸೆಕ್ಯುರಿಟಿ ಅಪ್‌ಡೇಟ್ ತಾನೇ ಹಾಕಿಕೊಳ್ಳುತ್ತಿರುತ್ತದೆ. ಕಾಯಿರಿ, ಲಾಕ್ ಫೈಲನ್ನು ಮಾತ್ರ ಅಳಿಸಬೇಡಿ.

ಉಬುಂಟುವಿನ ಸ್ವಂತ ಪ್ಯಾಕೇಜ್ ‘ಡಾಕರ್.ಐಒ’, ಡಾಕರ್ ಕಂಪನಿ ಕೊಡುವುದು ‘ಡಾಕರ್-ಸಿಇ’. ಎರಡನೆಯದೇ ಮೇಲು, ಎರಡನ್ನೂ ಬೆರೆಸುವುದು ಬೇಡ. ಮೊದಲಿನದು ಇದ್ದರೆ ತೆಗೆದುಹಾಕಿ. ಡಾಕರ್‌ನ ಸಹಿಯ ಕೀಯನ್ನು ಕರ್ಲ್‌ನಿಂದ ಇಳಿಸಿ ‘/ಇಟಿಸಿ/ಆಪ್ಟ್/ಕೀರಿಂಗ್ಸ್’ ಫೋಲ್ಡರ್‌ನಲ್ಲಿಟ್ಟು, ರೆಪೊಸಿಟರಿಯ ಸಾಲನ್ನು ಸೇರಿಸಿ, ‘ಸುಡೊ ಆಪ್ಟ್ ಅಪ್‌ಡೇಟ್’ ಕೊಡಿ. ಈ ಸಾಲುಗಳು ಉದ್ದ, ಡಾಕರ್‌ನ ಅಧಿಕೃತ ಪುಟದಿಂದಲೇ ನಕಲು ಮಾಡಿ. ಆಮೇಲೆ ಐದು ಪ್ಯಾಕೇಜ್: ಡಾಕರ್-ಸಿಇ, ಡಾಕರ್-ಸಿಇ-ಸಿಎಲ್‌ಐ, ಕಂಟೇನರ್‌ಡಿ.ಐಒ, ಡಾಕರ್-ಬಿಲ್ಡ್‌ಎಕ್ಸ್-ಪ್ಲಗಿನ್, ಡಾಕರ್-ಕಂಪೋಸ್-ಪ್ಲಗಿನ್. ಪ್ಯಾಕೇಜೇ ಇಲ್ಲ ಎಂದರೆ ಸಾಲಿನಲ್ಲಿ ಉಬುಂಟುವಿನ ಅಡ್ಡಹೆಸರು ತಪ್ಪಿರುತ್ತದೆ, ಅಥವಾ ಅಪ್‌ಡೇಟ್ ಮರೆತಿರುತ್ತೀರಿ. 24.04ಕ್ಕೆ ‘ನೋಬಲ್’, 22.04ಕ್ಕೆ ‘ಜ್ಯಾಮಿ’.

‘ಸುಡೊ ಡಾಕರ್ ರನ್ ಹೆಲೊ-ವರ್ಲ್ಡ್’ ನಮಸ್ಕಾರ ಹೇಳಿದರೆ ಗೆದ್ದಿರಿ. ಪ್ರತಿ ಸಲ ಸುಡೊ ಬೇಡವೆಂದರೆ ನಿಮ್ಮ ಬಳಕೆದಾರನನ್ನು ಡಾಕರ್ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಬನ್ನಿ. ಆ ಗುಂಪಿಗೆ ಸೇರಿಸುವುದೂ ರೂಟ್ ಅಧಿಕಾರ ಕೊಡುವುದೂ ಒಂದೇ, ಸಿಕ್ಕಸಿಕ್ಕವರನ್ನು ಸೇರಿಸಬೇಡಿ.

ಈಗಲೇ ಮಾಡಬೇಕಾದ್ದು ಇನ್ನೆರಡು. ಡಾಕರ್‌ನ ಲಾಗ್‌ಗೆ ತಾನಾಗಿ ಮಿತಿಯಿಲ್ಲ. ‘/ಇಟಿಸಿ/ಡಾಕರ್/ಡೀಮನ್.ಜೇಸನ್’ ಫೈಲಿನಲ್ಲಿ ಮ್ಯಾಕ್ಸ್-ಸೈಜ್ 10 ಎಂಬಿ, ಮ್ಯಾಕ್ಸ್-ಫೈಲ್ 3 ಎಂದು ಹಾಕಿ ಡಾಕರನ್ನು ರೀಸ್ಟಾರ್ಟ್ ಮಾಡಿ. ಮುಂದೆ ಹುಟ್ಟುವ ಕಂಟೇನರ್‌ಗಳಿಗೆ ಮಾತ್ರ ಇದು ಅನ್ವಯ, ಅದಕ್ಕೇ ಮೊದಲೇ ಮಾಡುವುದು. ಒಂದು ಅಲ್ಪವಿರಾಮ ತಪ್ಪಿದರೂ ಡಾಕರ್ ಏಳುವುದಿಲ್ಲ. ಕಾರಣ ‘ಜರ್ನಲ್‌ಸಿಟಿಎಲ್ -ಯು ಡಾಕರ್’ ಹೇಳುತ್ತದೆ. ಎರಡನೆಯದು 2 ಜಿಬಿ ಸ್ವಾಪ್ ಫೈಲ್, ಅಂದರೆ ಮೆಮೊರಿ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಜಾಗ. ಕಂಟೇನರ್ ಸತ್ತು 137 ಎಂಬ ಸಂಖ್ಯೆ ತೋರಿಸಿದರೆ ಬಹುಪಾಲು ಮೆಮೊರಿ ಸಾಲದೆ ಕರ್ನೆಲ್ಲೇ ಅದನ್ನು ಕೊಂದಿರುತ್ತದೆ.

ಇನ್ನು ಪೋರ್ಟ್. ಅನುಭವಸ್ಥರೂ ಎಡವುವ ಜಾಗವಿದು. ಮೆಷಿನ್ ಒಳಗಿನ ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನಲ್ಲಿ ಪೋಸ್ಟ್‌ಗ್ರೆಸ್‌ನ ಪೋರ್ಟ್ 5432 ಮುಚ್ಚಿಟ್ಟು, ಕಂಪೋಸ್ ಫೈಲಿನಲ್ಲಿ (ಆಪ್‌ನ ಕಂಟೇನರ್‌ಗಳ ವಿವರವನ್ನೆಲ್ಲ ಬರೆದಿಡುವ ಫೈಲ್) ‘5432:5432’ ಎಂದು ಬರೆದರೆ ಡೇಟಾಬೇಸ್ ಹೊರಜಗತ್ತಿಗೆ ತೆರೆದುಕೊಳ್ಳುತ್ತದೆ. ಯುಎಫ್‌ಡಬ್ಲ್ಯೂ ಕಾವಲು ಕಾಯುವುದು ಮೆಷಿನ್‌ಗೇ ಬರುವ ಪ್ಯಾಕೆಟ್‌ಗಳ ದಾರಿಯಲ್ಲಿ. ಡಾಕರ್ ಅದಕ್ಕೂ ಮುಂಚೆಯೇ ಪ್ಯಾಕೆಟ್‌ನ ವಿಳಾಸ ಬದಲಿಸಿ ಕಂಟೇನರ್ ಕಡೆಗೆ ತಿರುಗಿಸಿಬಿಡುತ್ತದೆ. ಕಾವಲುಗಾರನ ಮುಂದೆ ಅದು ಹಾಯುವುದೇ ಇಲ್ಲ. ಕ್ಲೌಡ್‌ನ ಫೈರ್‌ವಾಲ್ ಮೆಷಿನ್‌ನ ಹೊರಗಿರುವುದರಿಂದ ಅದು ತಡೆಯುತ್ತದೆ, ಅದಿಲ್ಲದ ಅಗ್ಗದ ಸರ್ವರ್‌ನಲ್ಲಿ ಗತಿಯಿಲ್ಲ. ನೇರ ಪರಿಹಾರ: ಡೇಟಾಬೇಸ್‌ಗೆ ಪೋರ್ಟ್ ಸಾಲನ್ನೇ ಬರೆಯಬೇಡಿ. ಒಂದೇ ಕಂಪೋಸ್ ಫೈಲಿನ ಕಂಟೇನರ್‌ಗಳು ಸರ್ವಿಸ್ ಹೆಸರಿನಿಂದಲೇ ಮಾತಾಡಿಕೊಳ್ಳುತ್ತವೆ. ಮೆಷಿನ್‌ನಿಂದಲೇ ಡೇಟಾಬೇಸ್ ತೆರೆಯಬೇಕಿದ್ದರೆ ‘127.0.0.1:5432:5432’ ಎಂದು ಬರೆಯಿರಿ.

ಪೋಸ್ಟ್‌ಗ್ರೆಸ್‌ಗೆ ‘ಲೇಟೆಸ್ಟ್’ ಟ್ಯಾಗ್ ಬೇಡವೇ ಬೇಡ. 16ರಲ್ಲಿ ಬರೆದ ಡೇಟಾವನ್ನು 17 ತೆರೆಯುವುದಿಲ್ಲ. ಒಂದು ಬೆಳಿಗ್ಗೆ ಇಮೇಜ್ ಹೊಸದಾಗಿ ಇಳಿದರೆ ಮಂಡಿಯ ಲೆಕ್ಕವೇ ನಿಂತೀತು. ಆವೃತ್ತಿಯ ಸಂಖ್ಯೆ ನಮೂದಿಸಿ, ಡೇಟಾವನ್ನು ಹೆಸರಿಟ್ಟ ವಾಲ್ಯೂಮ್‌ನಲ್ಲಿ (ಕಂಟೇನರ್ ಅಳಿದರೂ ಉಳಿಯುವ ಜಾಗ) ಇಡಿ. ‘ಡಾಕರ್ ಕಂಪೋಸ್ ಡೌನ್’ ಕೊಟ್ಟರೆ ವಾಲ್ಯೂಮ್ ಉಳಿಯುತ್ತದೆ. ಜೊತೆಗೆ ‘-ವಿ’ ಸೇರಿಸಿದರೆ ಅದೂ ಅಳಿಸಿಹೋಗುತ್ತದೆ, ಕೇಳಿ ಅಳಿಸುವ ಸೌಜನ್ಯವೂ ಇಲ್ಲದೆ.

ಕಂಟೇನರ್‌ನ ಗಡಿಯಾರ ಯುಟಿಸಿಯಲ್ಲಿರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವ ಐದಕ್ಕೆ ತೂಗಿದ ಬೆಲ್ಲ ಹಿಂದಿನ ದಿನದ ಖಾತೆಗೆ ಬೀಳುತ್ತದೆ. ಕಂಪೋಸ್‌ನಲ್ಲಿ ಟಿಜೆಡ್ ಎಂಬ ವೇರಿಯಬಲ್‌ಗೆ ‘ಏಷ್ಯಾ/ಕೋಲ್ಕತಾ’ ಕೊಡಿ. ಆಲ್ಪೈನ್ (ಪುಟ್ಟ ಲಿನಕ್ಸ್) ಇಮೇಜ್ ಆದರೆ ಟಿಜೆಡ್‌ಡೇಟಾ ಪ್ಯಾಕೇಜ್ ಕೂಡ ಬೇಕು.

ಕೊನೆಗೆ ಪ್ರತಿ ಸರ್ವಿಸ್‌ಗೂ ‘ರೀಸ್ಟಾರ್ಟ್: ಅನ್‌ಲೆಸ್-ಸ್ಟಾಪ್ಡ್’ ಹಾಕಿ, ಆಪ್ ಎಬ್ಬಿಸಿ, ಮೆಷಿನ್ ಅನ್ನೇ ಒಮ್ಮೆ ರೀಬೂಟ್ ಮಾಡಿ. ಎರಡು ನಿಮಿಷ ಬಿಟ್ಟು ‘ಡಾಕರ್ ಪಿಎಸ್’ ನೋಡಿ. ಎರಡೂ ಕಂಟೇನರ್ ತಾವಾಗಿ ಎದ್ದಿದ್ದರೆ ಮಂಡಿಯವರಿಗೆ ವಿಳಾಸ ಕೊಡಬಹುದು.