ಸಣ್ಣ ಕಂಪನಗಳಿಂದ ಬಿ-ಮೌಲ್ಯ ತೆಗೆಯುವುದು ಹೇಗೆ?

ಇಟಲಿಯ ಅಮಾತ್ರಿಚೆಯಲ್ಲಿ 2016ರ ಆಗಸ್ಟ್ 24ರಂದು 6.0 ತೀವ್ರತೆಯ ಭೂಕಂಪವಾಯಿತು. ಅಕ್ಟೋಬರ್ 30ರಂದು ಪಕ್ಕದ ನೋರ್ಚಾದಲ್ಲಿ 6.5. ನಡುವೆ ದಾಖಲಾದ ಸಾವಿರಾರು ಸಣ್ಣ ಕಂಪನಗಳಲ್ಲೇ ಈ ಎರಡನೆಯದರ ಸುಳಿವಿತ್ತು ಎಂದು ಭೂಕಂಪ ವಿಜ್ಞಾನಿಗಳಾದ ಲಾರಾ ಗುಲಿಯಾ ಮತ್ತು ಸ್ಟೀಫನ್ ವೀಮರ್ 2019ರಲ್ಲಿ ಬಿ-ಮೌಲ್ಯ ಲೆಕ್ಕಹಾಕಿ ತೋರಿಸಿದರು. ಆ ಲೆಕ್ಕವನ್ನು ಒಂದು ಸ್ಪ್ರೆಡ್‌ಶೀಟ್‌ನಲ್ಲೇ ಮಾಡಬಹುದು. ಎಡವುವುದೂ ಅಷ್ಟೇ ಸುಲಭ.

ದೊಡ್ಡ ಕಂಪನಗಳಿಗೆ ಹೋಲಿಸಿದರೆ ಸಣ್ಣವು ಎಷ್ಟು ಹೆಚ್ಚಿವೆ ಎಂದು ಹೇಳುವ ಅಂಕಿಯೇ ಬಿ-ಮೌಲ್ಯ. ಸಾಮಾನ್ಯವಾಗಿ ತೀವ್ರತೆ ಒಂದು ಅಂಕ ಇಳಿದರೆ ಕಂಪನಗಳ ಎಣಿಕೆ ಹತ್ತು ಪಟ್ಟು ಏರುತ್ತದೆ. ಆಗ ಬಿ-ಮೌಲ್ಯ 1. ಬಂಡೆಯ ಮೇಲೆ ಒತ್ತಡ ಹೆಚ್ಚಿದಷ್ಟೂ ದೊಡ್ಡವುಗಳ ಪಾಲು ಹೆಚ್ಚಿ ಬಿ ಕುಸಿಯುತ್ತದೆ. ಮುಖ್ಯ ಕಂಪನ ಒತ್ತಡವನ್ನು ಕಳೆದುಬಿಟ್ಟರೆ ಬಿ ಏರುತ್ತದೆ.

ಮೊದಲು ದಾಖಲಾದ ಕಂಪನಗಳ ಪಟ್ಟಿ. ಇಟಲಿಗೆ ಅಲ್ಲಿನ ರಾಷ್ಟ್ರೀಯ ಭೂಭೌತ ಮತ್ತು ಜ್ವಾಲಾಮುಖಿ ಸಂಸ್ಥೆ ಐಎನ್‌ಜಿವಿಯದ್ದನ್ನೇ ಇಳಿಸಿಕೊಳ್ಳಿ. ಜಾಗತಿಕ ಪಟ್ಟಿಗಳಲ್ಲಿ ಸಣ್ಣವು ಬಹುಪಾಲು ಇರುವುದಿಲ್ಲ. ಕಂಪನ ಹುಟ್ಟಿದ ಭೂಪದರದ ಬಿರುಕಿನ ಸುತ್ತಲಿನ ಪ್ರದೇಶವನ್ನಷ್ಟೇ ಇಟ್ಟುಕೊಳ್ಳಿ. ತೀವ್ರತೆಯ ಮಾಪಕ ಒಂದೇ ಇರಲಿ, ಎರಡನ್ನು ಬೆರೆಸಬೇಡಿ. ಹಗಲು ಹೊತ್ತಿನಲ್ಲೇ ಗುಂಪುಗೂಡುವ ಪುಟ್ಟ ಕಂಪನಗಳು ಕಂಡರೆ ಅವು ಕ್ವಾರಿ ಸ್ಫೋಟಗಳಿರಬಹುದು, ತೆಗೆದುಹಾಕಿ.

ಇನ್ನು ಕಷ್ಟದ ಕೆಲಸ: ಯಾವ ತೀವ್ರತೆಯಿಂದ ಮೇಲಕ್ಕೆ ಪಟ್ಟಿ ಪೂರ್ಣ, ಅಂದರೆ ಒಂದೂ ಕಂಪನ ತಪ್ಪಿಹೋಗಿಲ್ಲ ಎಂದು ಗುರುತಿಸುವುದು. 0.1ರ ಅಂತರದಲ್ಲಿ ಎಣಿಸಿ, ಅತಿ ಹೆಚ್ಚು ಕಂಪನಗಳಿರುವ ಖಾನೆ ಹುಡುಕಿ, ಅದಕ್ಕೆ 0.2 ಸೇರಿಸಿ. ಅದೇ ನಿಮ್ಮ ಮಿತಿ, ಕೆಳಗಿನವನ್ನೆಲ್ಲ ಬಿಟ್ಟುಬಿಡಿ. ಮಿತಿಯನ್ನು ತೀರಾ ಕೆಳಗಿಟ್ಟರೆ ದಾಖಲಾಗದೆ ಹೋದ ಸಣ್ಣವುಗಳಿಂದಾಗಿ ಸರಾಸರಿ ಉಬ್ಬಿ, ಬಿ ಸುಳ್ಳೇ ಕುಸಿಯುತ್ತದೆ. ದೊಡ್ಡ ಕಂಪನದ ಬೆನ್ನಿಗೇ ಹೀಗಾಗುವುದು ಖಚಿತ: ಅಲೆಗಳ ಗದ್ದಲದಲ್ಲಿ ಪುಟ್ಟವು ಮುಚ್ಚಿಹೋಗುತ್ತವೆ. ಮೊದಲ ಕೆಲವು ದಿನಗಳನ್ನು ಲೆಕ್ಕದಿಂದ ಕೈಬಿಡುವುದು ಇದಕ್ಕೇ.

ಸೂತ್ರ: ಉಳಿದವುಗಳ ಸರಾಸರಿ ತೀವ್ರತೆಯಿಂದ, ಮಿತಿಗಿಂತ 0.05 ಕಡಿಮೆಯ ಅಂಕಿಯನ್ನು ಕಳೆಯಿರಿ, ಬಂದದ್ದರಿಂದ 0.4343 ಅನ್ನು ಭಾಗಿಸಿ. ಮಿತಿ 2.0, ಸರಾಸರಿ 2.38 ಎಂದುಕೊಳ್ಳಿ. 2.38ರಲ್ಲಿ 1.95 ಕಳೆದರೆ 0.43, ಬಿ 1.01. ಆ 0.05 ಮರೆತು ನೇರವಾಗಿ 2.0 ಕಳೆದಿರೋ, ಬಿ 1.14 ಆಗುತ್ತದೆ. ನಾವು ಹುಡುಕುತ್ತಿರುವ ಬದಲಾವಣೆಗಿಂತ ಈ ತಪ್ಪೇ ದೊಡ್ಡದು!

ಏಕೆಂದರೆ ಗುಲಿಯಾ–ವೀಮರ್ ಇಟ್ಟ ಗೆರೆ ಶೇ 10. ಅದೇ ಬಿರುಕಿನ ಹಿಂದಿನ ವರ್ಷಗಳ ಬಿ-ಮೌಲ್ಯಕ್ಕಿಂತ ಅಷ್ಟು ಅಥವಾ ಹೆಚ್ಚು ಇಳಿದರೆ ಕೆಂಪು (ಇನ್ನೂ ದೊಡ್ಡದು ಬರಬಹುದು), ಏರಿದರೆ ಹಸಿರು, ನಡುವಿನದು ಹಳದಿ. ಅಮಾತ್ರಿಚೆ ನಂತರ ಇಳಿಯಿತು, ನೋರ್ಚಾ ನಂತರ ಏರಿತು. ನೂರು ಕಂಪನಗಳಿಂದ ತೆಗೆದ ಬಿ-ಮೌಲ್ಯದಲ್ಲಿ ಅನಿಶ್ಚಿತತೆಯೇ ಸುಮಾರು ಶೇ 10. ನಾನೂರಕ್ಕೆ ಶೇ 5. ನೂರೇ ಕಂಪನಗಳನ್ನು ನಂಬಿ ಕೆಂಪು ದೀಪ ಹಚ್ಚುವುದು ಹೊಣೆಗೇಡಿತನ.

ಕೆಂಪು ಬಂದರೂ ದಿನಾಂಕ ಸಿಗುವುದಿಲ್ಲ. ಸುಳಿವೇ ಕೊಡದೆ ಬರುವವೂ ಇವೆ: 1975ರಲ್ಲಿ ಚೀನಾದ ಹೈಚೆಂಗ್‌ನಲ್ಲಿ ಮುನ್ಕಂಪನಗಳನ್ನು ನೋಡಿ ಜನರನ್ನು ತೆರವುಗೊಳಿಸಿದ್ದರು, ಮರುವರ್ಷ ತಾಂಗ್‌ಶಾನ್‌ನಲ್ಲಿ ಅಂಥವು ಕಾಣಲೇ ಇಲ್ಲ.

2021ರಲ್ಲಿ ಕಲಬುರಗಿ, ವಿಜಯಪುರದ ಕಡೆ ನೆಲ ಮತ್ತೆ ಮತ್ತೆ ನಡುಗಿತಲ್ಲ, ಅಂಥಲ್ಲಿ ಸಾರ್ವಜನಿಕ ಪಟ್ಟಿಯ ಕಂಪನಗಳು ಈ ಲೆಕ್ಕಕ್ಕೆ ಸಾಲುವುದಿಲ್ಲ. ಮೊದಲು ಹತ್ತಿರದಲ್ಲಿ ಹೆಚ್ಚು ಕಂಪನಮಾಪಕಗಳು ಬೇಕು. ಮಿತಿ ಒಂದು ಅಂಕ ಕೆಳಗಿಳಿದರೆ ಎಣಿಕೆಗೆ ಸುಮಾರು ಹತ್ತು ಪಟ್ಟು ಕಂಪನಗಳು ಸಿಗುತ್ತವೆ.