ಎಡಗೈಯಲ್ಲಿ ಫಿಸ್ಟುಲಾ, ಬಲಗೈಯಲ್ಲಿ ಕತ್ತರಿ

ಶ್ರೀನಿವಾಸಪುರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಸಕ್ಕರೆ ಕಾಯಿಲೆ ಹಳೆಯದು. ಅದರ ಬೆನ್ನಿಗೆ ಬಿಪಿ, ಬಿಪಿಯ ಬೆನ್ನಿಗೆ ಕಿಡ್ನಿ. ಕಿಡ್ನಿ ಎಷ್ಟು ಸೋತಿದೆ ಎಂದು ರಕ್ತದಲ್ಲಿ ತೋರಿಸುವ ಕ್ರಿಯಾಟಿನಿನ್ ನಾಲ್ಕು ದಾಟಿದಾಗ ಕೋಲಾರದ ಡಾಕ್ಟರು, ‘ಡಯಾಲಿಸಿಸ್ ತಪ್ಪುವುದಿಲ್ಲ. ಆದರೆ ಇವತ್ತೇ ಬೇಕಿಲ್ಲ, ಮೊದಲು ಕೈ ಸಿದ್ಧ ಮಾಡಿಕೊಳ್ಳಿ’ ಎಂದರು.

ಹೀಗೆ ಸಿಕ್ಕ ಬಿಡುವನ್ನು ನಮ್ಮ ಕಡೆ ಬಹಳ ಜನ ನಾಟಿ ಔಷಧಿ, ಹರಕೆಗಳಲ್ಲಿ ಕಳೆದುಬಿಡುತ್ತಾರೆ. ಕೊನೆಗೆ ಏದುಸಿರು ಬಿಡುತ್ತಾ ರಾತ್ರೋರಾತ್ರಿ ಆಸ್ಪತ್ರೆ ಸೇರಿ ಕುತ್ತಿಗೆಗೆ ಕೊಳವೆ ಹಾಕಿಸಿಕೊಳ್ಳುತ್ತಾರೆ. ಆ ಕೊಳವೆಗೆ ಸೋಂಕು ತಗುಲುವುದು ಬೇಗ, ಸ್ನಾನವೂ ಕಷ್ಟ. ನಾನು ಮೊದಲೇ ಫಿಸ್ಟುಲಾ ಮಾಡಿಸಿಕೊಂಡೆ. ಮಣಿಕಟ್ಟಿನ ಹತ್ತಿರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಪಧಮನಿಗೆ ಅಭಿಧಮನಿಯನ್ನು ಜೋಡಿಸುವ ಚಿಕ್ಕ ಶಸ್ತ್ರಚಿಕಿತ್ಸೆ. ಬಲಗೈಯವರಿಗೆ ಸಾಮಾನ್ಯವಾಗಿ ಎಡಗೈಯಲ್ಲೇ ಮಾಡುತ್ತಾರೆ. ನರ ಉಬ್ಬಿ ಸೂಜಿಗೆ ಒಗ್ಗಲು ಆರರಿಂದ ಎಂಟು ವಾರ ಬೇಕು. ಅಷ್ಟೂ ದಿನ ಗಿರಾಕಿಗಳ ಜೊತೆ ಮಾತನಾಡುತ್ತಲೇ ರಬ್ಬರ್ ಚೆಂಡು ಹಿಸುಕುತ್ತಿದ್ದೆ.

ಬೆಳಿಗ್ಗೆ ಎದ್ದ ಕೂಡಲೇ ಎರಡು ಬೆರಳಿಟ್ಟು ನೋಡುತ್ತೇನೆ. ಓಡುತ್ತಿರುವ ಹೊಲಿಗೆ ಮಿಷನ್ನಿನ ಮೋಟಾರಿನ ಮೇಲೆ ಕೈಯಿಟ್ಟಂತೆ ಗುಂಯ್ ಎನ್ನಬೇಕು. ಆ ಅದುರುವಿಕೆ ನಿಂತರೆ ರಕ್ತ ಹೆಪ್ಪುಗಟ್ಟಿದೆ ಎಂದೇ ತಿಳಿದು ಅದೇ ದಿನ ಆಸ್ಪತ್ರೆಗೆ ಓಡಬೇಕು. ಆ ಕೈಗೆ ಗಡಿಯಾರ ಕಟ್ಟುವಂತಿಲ್ಲ, ಭಾರದ ಬಟ್ಟೆ ಗಂಟು ಎತ್ತುವಂತಿಲ್ಲ, ಬಿಪಿ ನೋಡಿಸುವಂತಿಲ್ಲ, ರಕ್ತ ತೆಗೆಸುವಂತಿಲ್ಲ. ಹೊಸದಾಗಿ ಬಂದ ನರ್ಸಮ್ಮನವರು ಆ ಕೈಗೇ ಪಟ್ಟಿ ಸುತ್ತಲು ಬಂದರೆ ನಾನು ಸ್ವಲ್ಪ ಒರಟನಾಗುತ್ತೇನೆ.

ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಬಗ್ಗೆಯೂ ಡಾಕ್ಟರು ಹೇಳಿದ್ದರು. ಹೊಟ್ಟೆಗೆ ಒಂದು ಮೆತ್ತನೆಯ ಕೊಳವೆ, ಎರಡು ಲೀಟರಿನ ದ್ರವದ ಚೀಲ, ದಿನಕ್ಕೆ ಮೂರು ನಾಲ್ಕು ಬಾರಿ ಬದಲಾವಣೆ. ಗೌನಿಪಲ್ಲಿ ಕಡೆಯ ಒಬ್ಬ ಮೇಷ್ಟ್ರು ಅದನ್ನೇ ಆರಿಸಿಕೊಂಡು ಶಾಲೆಯ ಊಟದ ಬಿಡುವಿನಲ್ಲಿ ಚೀಲ ಬದಲಾಯಿಸುತ್ತಾರೆ. ಯಂತ್ರದ ಡಯಾಲಿಸಿಸ್‌ನವರಂತೆ ವಾರಕ್ಕೆ ಮೂರು ದಿನ ರಜೆ ಹಾಕಿ ಆಸ್ಪತ್ರೆಗೆ ಹೋಗುವ ಗೋಳಿಲ್ಲ. ಬಸ್ಸು ಅಪರೂಪದ ಊರಿನವರಿಗೆ ಅದೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ಕೈ ತೊಳೆಯುವುದರಲ್ಲಿ ಸೋಮಾರಿತನ ನಡೆಯುವುದಿಲ್ಲ. ಹೊರಬಂದ ನೀರು ಮಬ್ಬಾಗಿದ್ದು ಹೊಟ್ಟೆ ನೋವೂ ಇದ್ದರೆ ಸೋಂಕೆಂದೇ ಲೆಕ್ಕ. ಆ ದ್ರವದಲ್ಲಿ ಗ್ಲೂಕೋಸ್ ಇರುವುದರಿಂದ ಸಕ್ಕರೆ ಏರುತ್ತದೆ. ನನಗೆ ಮೊದಲೇ ಸಕ್ಕರೆ, ಮನೆಯ ಮುಂದಿನ ಕೋಣೆಯೇ ಅಂಗಡಿ, ಗಾಳಿಯ ತುಂಬ ಬಟ್ಟೆಯ ನೂಲು ಧೂಳು. ಬೇಡವೆಂದೆ.

ಹಣದ ಮಾತು. ಬಡತನ ರೇಖೆಗಿಂತ ಕೆಳಗಿನವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. 2016ರಲ್ಲಿ ಶುರುವಾದ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಇದಕ್ಕಾಗಿಯೇ ಇರುವುದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದೆ. ಆದರೆ ಕಾರ್ಡು ಇದ್ದ ಮಾತ್ರಕ್ಕೆ ಯಂತ್ರ ಖಾಲಿ ಇರುವುದಿಲ್ಲ. ಹೆಸರು ಬರೆಸಿ ಸರದಿಗೆ ಕಾಯಬೇಕು. ಅದಕ್ಕೇ ಹೇಳುವುದು, ಫಿಸ್ಟುಲಾ ಹಣ್ಣಾಗುತ್ತಿರುವಾಗಲೇ ಹೆಸರು ಬರೆಸಿ ಎಂದು. ಯಾವ ಶಿಫ್ಟು ಎಂಬುದನ್ನೂ ಆಗಲೇ ಕೇಳಿ. ರಾತ್ರಿ ಮುಗಿಯುವ ಶಿಫ್ಟಾದರೆ ಊರಿಗೆ ಬಸ್ಸಿಲ್ಲ.

ಮೊದಲು ಹೋಗುತ್ತಿದ್ದ ಒಂದು ಕೇಂದ್ರದಲ್ಲಿ ಮೂರೇ ತಾಸು ಡಯಾಲಿಸಿಸ್ ನಡೆಸಿ ಸೂಜಿ ತೆಗೆದು ಕಳಿಸುತ್ತಿದ್ದರು. ನಾಲ್ಕು ತಾಸು ಎಂದು ಬರೆದಿರುವ ಚೀಟಿ ತೋರಿಸಿ ಜಗಳವಾಡಿದೆ, ಆಮೇಲೆ ಕೇಂದ್ರವನ್ನೇ ಬದಲಾಯಿಸಿದೆ. ಒಂದು ಸರದಿಯ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ನಮ್ಮ ಜಿಲ್ಲೆಯ ಕೊಳವೆಬಾವಿಯ ಗಡಸು, ಫ್ಲೋರೈಡ್ ನೀರನ್ನು ನೆನೆದು ಹೊಸ ಕೇಂದ್ರದಲ್ಲಿ ಮೊದಲು ವಿಚಾರಿಸಿದ್ದೇ ಆರ್‌ಒ ಘಟಕವನ್ನು. ಟೆಕ್ನಿಷಿಯನ್ ನಗುತ್ತಲೇ ಕರೆದುಕೊಂಡು ಹೋಗಿ ತೋರಿಸಿದರು.

ಊಟದ ವಿಷಯದಲ್ಲಿ ಕೋಲಾರ ಜಿಲ್ಲೆ ಕಿಡ್ನಿ ರೋಗಿಗೆ ಹೇಳಿಮಾಡಿಸಿದ ಜಾಗವಲ್ಲ. ಟೊಮೆಟೊ, ಮಾವು, ಎಳನೀರು ಎಲ್ಲದರಲ್ಲೂ ಪೊಟ್ಯಾಸಿಯಂ, ಅದು ಏರಿದರೆ ಹೃದಯವೇ ನಿಲ್ಲಬಹುದು. ತರಕಾರಿ, ಸೊಪ್ಪುಗಳನ್ನು ಹೆಚ್ಚಿ ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಬೇಕೆಂದು ಆಹಾರ ತಜ್ಞೆ ಹೇಳಿದಾಗ ನನ್ನ ಹೆಂಡತಿ, ‘ಹಾಗಾದರೆ ಬಸ್ಸಾರು?’ ಎಂದಳು. ಬಸಿದ ಕಟ್ಟಿನಿಂದಲೇ ಅಲ್ಲವೇ ಬಸ್ಸಾರು! ಈಗ ಪಲ್ಯ ನನಗೆ, ಕಟ್ಟು ಮನೆಯವರಿಗೆ. ಮುದ್ದೆಗೆ ಬೇಳೆ ಕಡಿಮೆ ಹಾಕಿದ ಬೇರೆ ಸಾರು. ಬೇಸಿಗೆಯಲ್ಲಿ ಬಾಯಾರಿಕೆಗೆ ಮಂಜುಗಡ್ಡೆಯ ಚೂರು ಚೀಪುತ್ತೇನೆ. ಎರಡು ಸರದಿಗಳ ನಡುವೆ ಮೈಯಲ್ಲಿ ನೀರು ನಿಂತು ಎರಡು ಕಿಲೋ ಮೀರಿ ತೂಕ ಏರಿದರೆ, ಆ ನೀರನ್ನು ಎಳೆಯುವಾಗ ಬಿಪಿ ಕುಸಿದು ಕಾಲು ಹಿಡಿದುಕೊಳ್ಳುತ್ತದೆ.

ಕಸಿಗೆ ತನ್ನ ಕಿಡ್ನಿ ಕೊಡುತ್ತೇನೆಂದು ಹೆಂಡತಿ ಹೇಳಿದಳು, ಆದರೆ ಅವಳಿಗೂ ಸಕ್ಕರೆ. ಬೆಂಗಳೂರಿನ ಆಸ್ಪತ್ರೆಯ ಮೂಲಕ ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿದ್ದೇನೆ. ಪದೇ ಪದೇ ರಕ್ತ ಹಾಕಿಸಿಕೊಂಡರೆ ಮುಂದೆ ಕಿಡ್ನಿ ಹೊಂದುವುದು ಕಷ್ಟವಾಗುತ್ತದೆ ಎಂದಿದ್ದಾರೆ. ಅದಕ್ಕೇ ಹಿಮೋಗ್ಲೋಬಿನ್ ಏರಿಸಲು ಕೊಡುವ ಎರಿಥ್ರೊಪೊಯೆಟಿನ್ ಇಂಜೆಕ್ಷನ್ ಒಂದನ್ನೂ ಬಿಡುವುದಿಲ್ಲ.

ಮದುವೆಗೋ ತಿರುಪತಿಗೋ ಹೋಗುವುದಿದ್ದರೆ ಆ ಊರಿನ ಕೇಂದ್ರಕ್ಕೆ ಮೊದಲೇ ಫೋನ್ ಮಾಡುತ್ತೇನೆ. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿಯ ಹೊಸ ವರದಿ, ಹಿಂದಿನ ಸರದಿಯ ಚೀಟಿ, ನನ್ನ ಒಣ ತೂಕ (ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ) ಎಷ್ಟೆಂಬ ಬರಹ, ಇವಿಷ್ಟನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಜೆರಾಕ್ಸ್ ಒಂದು ಸೆಟ್ ಮಗನ ಹತ್ತಿರವೂ ಇದೆ.